ಪಕ್ಷದ ಒಳಮನೆಯವರಿಗೆ

ಬೆಂಬಲ ಬದಲಿಸುವ ವಿದ್ಯೆಯನ್ನು ಶಿವಮೊಗ್ಗೆಯ ರಾಜಕೀಯ ಮಂದಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ದಿವಂಗತ ಎಸ್. ಬಂಗಾರಪ್ಪನವರು ಈ ಕ್ಷೇತ್ರದಿಂದ ನಾಲ್ಕು ಸಲ ಲೋಕಸಭೆಗೆ ಗೆದ್ದರು. ನಾಲ್ಕು ಸಲವೂ ಬೇರೆ ಬೇರೆ ಪಕ್ಷ. 1996ರಲ್ಲಿ ಕರ್ನಾಟಕ ಕಾಂಗ್ರೆಸ್ ಪಕ್ಷ, 1999ರಲ್ಲಿ ಕಾಂಗ್ರೆಸ್, 2004ರಲ್ಲಿ ಭಾರತೀಯ ಜನತಾ ಪಕ್ಷ, 2005ರ ಉಪಚುನಾವಣೆಯಲ್ಲಿ ಸಮಾಜವಾದಿ ಪಕ್ಷ. ಅವರು ಹೋದ ಕಡೆಗೆಲ್ಲ ಅವರ ಮಂದಿಯೂ ಹೋದರು. ಹೆಗಲ ಮೇಲಿನ ಬಾವುಟದ ಬಣ್ಣ ಮಾತ್ರ ಬೇರೆಯಾಯಿತು. ಬಿ.ಎಸ್. ಯಡಿಯೂರಪ್ಪನವರು 2012ರ ಕೊನೆಯಲ್ಲಿ ಕರ್ನಾಟಕ ಜನತಾ ಪಕ್ಷಕ್ಕೆ ಹೊರಟಾಗ ಅವರ ಸಂಗಡ ಮನೆ ಬಿಟ್ಟ ಕಾರ್ಯಕರ್ತರು, 2014ರ ಆರಂಭದಲ್ಲಿ ಅವರು ಹಿಂದಿರುಗಿದಾಗ ತಾವೂ ಹಿಂದಿರುಗಿದರು. ಇದನ್ನು ಯಾರೂ ದ್ರೋಹವೆನ್ನಲಿಲ್ಲ. ಒಬ್ಬ ಮನುಷ್ಯನಿಗಾಗಿ ಪಕ್ಷವನ್ನು ಬದಲಿಸಿದರೆ ಅದು ನಮ್ಮಲ್ಲಿ ನಿಷ್ಠೆ. ಊರಿಗಾಗಿ ಮನುಷ್ಯನನ್ನು ಬದಲಿಸೋಣವೆಂದರೆ ಮಾತ್ರ ಶಿಸ್ತುಭಂಗ!

ಈ ತಲೆಕೆಳಗಾದ ಲೆಕ್ಕವನ್ನು ನೆಟ್ಟಗೆ ಮಾಡಬೇಕೆಂದು ಪಕ್ಷಗಳ ಒಳಮನೆಯಲ್ಲಿರುವವರನ್ನು ಕೇಳಿಕೊಳ್ಳುವುದು ಈ ಲೇಖನದ ಉದ್ದೇಶ. ಒಳಮನೆಯವರೆಂದರೆ ಬ್ಲಾಕ್ ಸಮಿತಿಯ ಅಧ್ಯಕ್ಷರು, ಮಂಡಲದ ಪದಾಧಿಕಾರಿಗಳು, ಪ್ರದೇಶ ಸಮಿತಿಯ ಪ್ರತಿನಿಧಿಗಳು, ಬೂತಿನ ಪ್ರಮುಖರು, ಮಾಜಿ ಕಾರ್ಪೊರೇಟರುಗಳು. ಯಾವ ಪಕ್ಷದವರಾದರೂ ಸರಿ. ಇದು ಅವರ ಮನೆಯ ವ್ಯವಹಾರ, ನಮಗೇಕೆ ಎಂದು ವಾಚಕರಲ್ಲಿ ಕೆಲವರು ಪುಟ ಮಗುಚಬಹುದು. ದಯವಿಟ್ಟು ಸ್ವಲ್ಪ ತಡೆಯಿರಿ. ನೀವು ದುರ್ಗಿಗುಡಿಯಲ್ಲೋ ಹೊಸಮನೆಯಲ್ಲೋ ಬೆಳಗ್ಗೆ ಸಾಲಿನಲ್ಲಿ ನಿಂತು ಬೆರಳಿಗೆ ಶಾಯಿ ಹಚ್ಚಿಸಿಕೊಳ್ಳುವ ಹೊತ್ತಿಗೆ ಆಯ್ಕೆಯ ಮುಕ್ಕಾಲು ಪಾಲು ಮುಗಿದಿರುತ್ತದೆ. ಅಡಿಗೆಯಾದ ಮೇಲೆ ಎಲೆಯ ಮುಂದೆ ಕುಳಿತವನು ಸಾರು ಬೇಕೋ ಹುಳಿ ಬೇಕೋ ಎಂದು ಹೇಳಬಹುದು. ಏನು ಅಡಿಗೆಯಾಗಬೇಕೆಂದು ಹೇಳಲಾರ.

1996ರಿಂದ 2024ರವರೆಗೆ ಶಿವಮೊಗ್ಗ ಲೋಕಸಭಾ ಕ್ಷೇತ್ರಕ್ಕೆ ಉಪಚುನಾವಣೆಗಳೂ ಸೇರಿ ಹತ್ತು ಚುನಾವಣೆಗಳು ನಡೆದುವು. 1998ರಲ್ಲಿ ಆಯನೂರು ಮಂಜುನಾಥರು ಗೆದ್ದದ್ದೊಂದನ್ನು ಬಿಟ್ಟರೆ ಉಳಿದ ಒಂಬತ್ತೂ ಎರಡು ಮನೆಗಳ ಪಾಲು. ನಾಲ್ಕು ಬಂಗಾರಪ್ಪನವರಿಗೆ, ಒಂದು ಯಡಿಯೂರಪ್ಪನವರಿಗೆ, ನಾಲ್ಕು ಅವರ ಮಗ ಬಿ.ವೈ. ರಾಘವೇಂದ್ರರಿಗೆ. 2024ರಲ್ಲಂತೂ ಒಂದು ಪಕ್ಷ ಮಾಜಿ ಮುಖ್ಯಮಂತ್ರಿಯ ಮಗನನ್ನು ನಿಲ್ಲಿಸಿತು, ಇನ್ನೊಂದು ಪಕ್ಷ ಇನ್ನೊಬ್ಬ ಮಾಜಿ ಮುಖ್ಯಮಂತ್ರಿಯ ಮಗಳಾದ ಗೀತಾ ಶಿವರಾಜಕುಮಾರ್ ಅವರನ್ನು ನಿಲ್ಲಿಸಿತು. ಮೂರನೆಯವರಾಗಿ ಪಕ್ಷೇತರರಾಗಿ ನಿಂತ ಕೆ.ಎಸ್. ಈಶ್ವರಪ್ಪನವರು ಪಕ್ಷ ಒಂದು ಕುಟುಂಬದ ಹಿಡಿತಕ್ಕೆ ಸಿಕ್ಕಿದೆಯೆಂದು ಗುಡುಗಿದರು. ಮಾತು ಸರಿಯೇ. ಆದರೆ ಆ ಗುಡುಗಿಗೆ ಮುಂಚೆ ಮಿಂಚಿದ್ದು ಏನು? ಹಾವೇರಿಯ ಟಿಕೆಟ್ಟು ಅವರ ಮಗನಿಗೆ ದೊರೆಯದೆ ಹೋದದ್ದು. ಪಕ್ಷ ಅವರನ್ನು ಉಚ್ಚಾಟಿಸಿತು. ಚುನಾವಣೆಯಲ್ಲಿ ಠೇವಣಿಯೂ ಉಳಿಯಲಿಲ್ಲ.

ಮಗನಾಗಿ ಹುಟ್ಟಿದ್ದು ಅಪರಾಧವಲ್ಲ, ಮಗಳಾಗಿ ಹುಟ್ಟಿದ್ದೂ ಅಲ್ಲ. ದೊಡ್ಡವರ ಮಕ್ಕಳಲ್ಲಿ ದಕ್ಷರು ಇದ್ದಾರು. ಇದ್ದರೆ ಅವರೂ ಸಂತೋಷವಾಗಿ ನಿಲ್ಲಲಿ. ನನ್ನ ತಕರಾರು ಮಕ್ಕಳ ಮೇಲಲ್ಲ. ಹೆಸರು ಪ್ರಕಟವಾಗುವುದಕ್ಕೆ ಮುಂಚೆಯೇ, ಯಾವ ಪ್ರಶ್ನೆಯನ್ನೂ ಕೇಳದೆ, ಕೈ ಎತ್ತಿ ಕುಳಿತ ಒಳಮನೆಯವರ ಮೇಲೆ. ಬೇಡುವ ಮೊದಲೇ ಕೊಟ್ಟುಬಿಟ್ಟ ಬೆಂಬಲಕ್ಕೆ ಸಂತೆಯಲ್ಲಿ ಬೆಲೆ ಇರುವುದಿಲ್ಲ.

ಭದ್ರಾವತಿಯ ಕಥೆ ಇನ್ನೂ ಬೋಧಪ್ರದ. 1994, 1999, 2004: ಈ ಮೂರು ವಿಧಾನಸಭಾ ಚುನಾವಣೆಗಳಲ್ಲಿ ಅಲ್ಲಿ ಗೆದ್ದವರು ಪಕ್ಷೇತರರು. ಮೊದಲೆರಡು ಸಲ ಎಂ.ಜೆ. ಅಪ್ಪಾಜಿಗೌಡರು, ಮೂರನೆಯ ಸಲ ಬಿ.ಕೆ. ಸಂಗಮೇಶ್ವರ ಅವರು. ಹತ್ತು ವರ್ಷಕಾಲ ರಾಜ್ಯವನ್ನಾಳುವ ಪಕ್ಷಗಳು ಆರಿಸಿ ಕಳಿಸಿದ ಯಾವ ಉಮೇದುವಾರನೂ ಆ ಊರಿಗೆ ಹಿಡಿಸಲಿಲ್ಲವೆಂದರೆ, ಆರಿಸಿದವರ ಕಣ್ಣಿನಲ್ಲಿ ಏನೋ ಪೊರೆ ಬಂದಿರಬೇಕಲ್ಲವೆ? ಪಕ್ಷಗಳು ಇದರಿಂದ ಕಲಿತದ್ದಿಷ್ಟೆ: ಗೆದ್ದ ಇಬ್ಬರನ್ನು ಹಂಚಿಕೊಂಡವು. ಒಬ್ಬರು ಕಾಂಗ್ರೆಸ್ಸಿಗೆ, ಇನ್ನೊಬ್ಬರು ಜನತಾದಳಕ್ಕೆ. ಅಲ್ಲಿಂದ ಮುಂದೆ ಊರೇ ಇಬ್ಬರು ಮನುಷ್ಯರ ಎರಡು ಪಾಳೆಯವಾಯಿತು. 2020ರಲ್ಲಿ ಅಪ್ಪಾಜಿಗೌಡರು ತೀರಿಕೊಂಡರು. 2023ರಲ್ಲಿ ಅವರ ಜಾಗದಲ್ಲಿ ಅವರ ಪತ್ನಿ ನಿಂತರು. ಪಾಳೆಯಗಳು ಹಾಗೆಯೇ ಉಳಿದುವು.

ಈ ಮಧ್ಯೆ ಊರಿನ ಎರಡು ಕಾರ್ಖಾನೆಗಳಿಗೆ ಏನಾಯಿತೆಂಬುದನ್ನು ಬಿ.ಎಚ್. ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುವವರೂ ಬಲ್ಲರು. 1923ರಲ್ಲಿ ಉತ್ಪಾದನೆ ತೊಡಗಿದ ಕಬ್ಬಿಣದ ಕಾರ್ಖಾನೆ, ವಿಶ್ವೇಶ್ವರಯ್ಯನವರು ಪ್ರಾಣ ತೇಯ್ದು ನಿಲ್ಲಿಸಿದ್ದು, 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಕೈಸೇರಿತು. ಅದನ್ನು ಮಾರಲು ಹೊರಟ ಕೇಂದ್ರ ಸರ್ಕಾರ ಕೊಳ್ಳುವವರು ಮುಂದೆ ಬರಲಿಲ್ಲವೆಂದು 2022ರಲ್ಲಿ ಆ ಪ್ರಯತ್ನವನ್ನು ಕೈಬಿಟ್ಟಿತು. 2023ರ ಜನವರಿಯಲ್ಲಿ ಮುಚ್ಚುವ ನಿರ್ಧಾರ ಹೊರಬಿತ್ತು, ಗುತ್ತಿಗೆ ಕಾರ್ಮಿಕರು ಬೀದಿಗೆ ಬಂದರು. 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆಯ ಯಂತ್ರಗಳು ಅದಕ್ಕೂ ಎಷ್ಟೋ ವರ್ಷ ಮುಂಚೆ ನಿಂತುಹೋಗಿದ್ದುವು. ಕನ್ನಡದ ಪತ್ರಿಕೆಗಳು ಭದ್ರಾವತಿಯ ಕಾಗದದ ಮೇಲೆ ಅಚ್ಚಾಗುತ್ತಿದ್ದ ಕಾಲವೊಂದಿತ್ತು. ಕಾಗದ ಬೇರೆ ಕಡೆಯಿಂದ ಬಂದೀತು, ಆದರೆ ಪೇಪರ್ ಟೌನಿನ ಮನೆಗಳಿಗೆ ಸಂಬಳ ಬೇರೆ ಕಡೆಯಿಂದ ಬಂದೀತೆ?

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಉಕ್ಕಿನ ಕಾರ್ಖಾನೆ ದೆಹಲಿಯದು, ಕಾಗದದ ಕಾರ್ಖಾನೆ ಬೆಂಗಳೂರಿನದು. ಎಂದರೆ ಲೋಕಸಭೆಗೆ ನಿಲ್ಲುವವನು ಒಂದಕ್ಕೆ ಉತ್ತರ ಹೇಳಬೇಕು, ವಿಧಾನಸಭೆಗೆ ನಿಲ್ಲುವವನು ಇನ್ನೊಂದಕ್ಕೆ. ಟಿಕೆಟ್ಟು ಕೊಡುವ ಮೊದಲು ಈ ಪ್ರಶ್ನೆಯನ್ನು ಎದುರಿಗೆ ಕೂರಿಸಿಕೊಂಡು ಕೇಳುವ ಸಾಮರ್ಥ್ಯ ಮತದಾರನಿಗಿಲ್ಲ; ಒಳಮನೆಯವರಿಗಿದೆ. ಟಿಕೆಟ್ಟು ಬಂದ ಮೇಲೆ ಅವರಿಗೂ ಇಲ್ಲ. ಆಮೇಲೆ ಉಳಿಯುವುದು ಹಾರ ಹಾಕುವ ಕೆಲಸ.

ಒಳಗಿನವರು ಮನಸ್ಸು ಬದಲಿಸಿದರೆ ಏನಾಗುತ್ತದೆಂಬುದಕ್ಕೆ ನಿದರ್ಶನ ಹುಡುಕಿಕೊಂಡು ಬಹುದೂರ ಹೋಗಬೇಕಾಗಿಲ್ಲ. 1969ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಸೇರಿತ್ತು. ಅಧ್ಯಕ್ಷರು ನಮ್ಮ ನೆರೆಯ ಚಿತ್ರದುರ್ಗದ ಎಸ್. ನಿಜಲಿಂಗಪ್ಪನವರು. ರಾಷ್ಟ್ರಪತಿ ಸ್ಥಾನಕ್ಕೆ ಸಂಜೀವ ರೆಡ್ಡಿಯವರೆಂದು ಪಕ್ಷದ ಪಾರ್ಲಿಮೆಂಟರಿ ಮಂಡಲಿ ಬಹುಮತದಿಂದ ತೀರ್ಮಾನಿಸಿತು. ರೆಡ್ಡಿಯವರ ನಾಮಪತ್ರಕ್ಕೆ ಸಹಿ ಹಾಕಿದ್ದ ಇಂದಿರಾ ಗಾಂಧಿಯವರೇ ಮುಂದೆ ಆತ್ಮಸಾಕ್ಷಿಯ ಮತ ಎಂಬ ಮಾತಿಗೆ ಬೆನ್ನು ಕೊಟ್ಟರು. ಆಗಸ್ಟ್ 20ರಂದು ಎಣಿಕೆ ನಡೆದಾಗ ಮೈಸೂರಿನ ಮಾಜಿ ರಾಜ್ಯಪಾಲ ವಿ.ವಿ. ಗಿರಿಯವರಿಗೆ ಮೊದಲ ಪ್ರಾಶಸ್ತ್ಯದಲ್ಲಿ 4,01,515, ರೆಡ್ಡಿಯವರಿಗೆ 3,13,548. ಎರಡನೆಯ ಪ್ರಾಶಸ್ತ್ಯಗಳನ್ನು ಕೂಡಿಸಿದ ಮೇಲೆ 4,20,077ಕ್ಕೆ ಎದುರಾಗಿ 4,05,427. ಹದಿನೈದು ಸಾವಿರಕ್ಕೂ ಕಡಮೆ ಅಂತರ. ಶಾಸಕರು ಮತ್ತು ಸಂಸದರು, ಅಂದರೆ ಅಪ್ಪಟ ಒಳಮನೆಯವರು, ಪಕ್ಷದ ಅಧಿಕೃತ ಉಮೇದುವಾರನನ್ನು ಸೋಲಿಸಿದರು.

ಇದನ್ನು ಆತ್ಮಸಾಕ್ಷಿಯ ವಿಜಯವೆಂದು ಹಾಡಿ ಹೊಗಳುವವರ ಗುಂಪಿಗೆ ನಾನು ಸೇರಿದವನಲ್ಲ. ಆ ಆತ್ಮಸಾಕ್ಷಿಗೆ ಕರೆ ಬಂದದ್ದು ಪ್ರಧಾನಿಯ ಕಡೆಯಿಂದ. ಒಬ್ಬ ದೊಡ್ಡವರ ಮಾತು ಬಿಟ್ಟು ಇನ್ನೂ ದೊಡ್ಡವರ ಮಾತು ಕೇಳಿದ್ದು ಸಾಹಸವೇನಲ್ಲ. ಅದರ ಫಲವನ್ನೂ ನೋಡಿ. ಪಕ್ಷ ಅದೇ ವರ್ಷ ಒಡೆಯಿತು. ಗೆದ್ದ ಕಡೆಯವರು 1972ರ ಬಳಿಕ ಇಪ್ಪತ್ತು ವರ್ಷ, ಅಂದರೆ 1992ರವರೆಗೆ, ತಮ್ಮ ಪಕ್ಷದ ಒಳಗೆ ಚುನಾವಣೆಯನ್ನೇ ನಡೆಸಲಿಲ್ಲ. ಆತ್ಮಸಾಕ್ಷಿಯನ್ನು ಒಂದು ಸಲ ಬಳಸಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು.

ಅಮೆರಿಕದ ಒಂದು ಉದಾಹರಣೆ ನನಗೆ ಇದಕ್ಕಿಂತ ಮೆಚ್ಚುಗೆ. ಅಲ್ಲಿ ಅಧ್ಯಕ್ಷ ಪದವಿಯ ಉಮೇದುವಾರನನ್ನು ಪ್ರತಿಯೊಂದು ರಾಜ್ಯದಲ್ಲೂ ಮತ ಹಾಕಿಸಿ ಆರಿಸುತ್ತಾರೆ. ಡೆಮಾಕ್ರಟಿಕ್ ಪಕ್ಷದಲ್ಲಿ ಇದರ ಜೊತೆಗೆ ಪಕ್ಷದ ಹಿರಿಯರಿಗೂ ಸಂಸದರಿಗೂ ತಮ್ಮದೇ ಸ್ವತಂತ್ರ ಮತವಿತ್ತು. 2008ರಲ್ಲಿ ಜಾರ್ಜಿಯಾದ ಸಂಸದ ಜಾನ್ ಲೂಯಿಸ್ ಮೊದಲು ಹಿಲರಿ ಕ್ಲಿಂಟನ್ ಅವರಿಗೆ ಬೆಂಬಲ ಸಾರಿದ್ದರು. ಬಹುಕಾಲದ ಸ್ನೇಹ. ಆದರೆ ಅವರ ಸ್ವಂತ ಕ್ಷೇತ್ರದ ಜನ ಬರಾಕ್ ಒಬಾಮರಿಗೆ ಭಾರೀ ಬಹುಮತ ಕೊಟ್ಟಾಗ ಲೂಯಿಸರು ಸ್ನೇಹವನ್ನು ಬದಿಗಿಟ್ಟು ಬಹಿರಂಗವಾಗಿ ಬೆಂಬಲ ಬದಲಿಸಿದರು. ಮೇಲಿನವರ ಕಡೆಗಲ್ಲ, ಕೆಳಗಿನವರ ಕಡೆಗೆ ಕಿವಿಕೊಟ್ಟು. 2018ರಲ್ಲಿ ಆ ಪಕ್ಷ ಹಿರಿಯರ ಈ ಮತಕ್ಕೆ ಮೊದಲ ಸುತ್ತಿನ ಪೈಪೋಟಿಯಲ್ಲಿ ಅವಕಾಶವಿಲ್ಲವೆಂದು ನಿಯಮವನ್ನೇ ತಿದ್ದಿತು.

ಅಮೆರಿಕದ ಪದ್ಧತಿ ನಮಗೆ ಒಗ್ಗದೆಂದು ಕೂಡಲೆ ಆಕ್ಷೇಪ ಬರುತ್ತದೆ. ಬಂದೇ ಬಂದಿದೆ. 2014ರಲ್ಲಿ ರಾಹುಲ್ ಗಾಂಧಿಯವರು ಕೆಲವೇ ಲೋಕಸಭಾ ಕ್ಷೇತ್ರಗಳಲ್ಲಿ ಕಾರ್ಯಕರ್ತರ ಮತದಿಂದ ಉಮೇದುವಾರನನ್ನು ಆರಿಸುವ ಪ್ರಯೋಗ ಮಾಡಿದರು. ಕರ್ನಾಟಕದಲ್ಲಿ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ ಅದಕ್ಕೆ ಸಿಕ್ಕಿದುವು. ಹಾಗೆ ಆಯ್ಕೆಯಾದ ಸಿ. ನಾರಾಯಣಸ್ವಾಮಿ, ಜನಾರ್ದನ ಪೂಜಾರಿ ಇಬ್ಬರೂ ಚುನಾವಣೆಯಲ್ಲಿ ಸೋತರು. ನೋಡಿದಿರಾ, ಎಂದು ವರಿಷ್ಠರು ಕೈತೊಳೆದುಕೊಂಡರು. ಆದರೆ ಆ ವರ್ಷ ಇಡೀ ದೇಶದಲ್ಲಿ ಕಾಂಗ್ರೆಸ್ಸಿಗೆ ಬಂದದ್ದು 44 ಸ್ಥಾನ. ದೆಹಲಿಯಿಂದ ಆರಿಸಿದ ನೂರಾರು ಮಂದಿ ಸೋತಾಗ ದೆಹಲಿಯ ಪದ್ಧತಿಯನ್ನು ಯಾರಾದರೂ ಕೈಬಿಟ್ಟರೆ? ಮಳೆ ಬಾರದ ವರ್ಷ ಹೊಸ ನೇಗಿಲನ್ನು ಮಾತ್ರ ಒಲೆಗೆ ಹಾಕಿದಂತಾಯಿತು.

2022ರಲ್ಲಿ ಅದೇ ಪಕ್ಷದ ಅಧ್ಯಕ್ಷ ಸ್ಥಾನಕ್ಕೆ ಮತದಾನವಾಯಿತು. ನಮ್ಮವರೇ ಆದ ಮಲ್ಲಿಕಾರ್ಜುನ ಖರ್ಗೆಯವರಿಗೆ 7,897, ಶಶಿ ತರೂರರಿಗೆ 1,072. ಖರ್ಗೆಯವರ ಯೋಗ್ಯತೆಯ ಬಗ್ಗೆ ಇಲ್ಲಿ ಮಾತಿಲ್ಲ. ಗಾಳಿ ಎತ್ತ ಬೀಸುತ್ತಿದೆಯೆಂದು ಗೊತ್ತಿದ್ದೂ ಎದುರು ಮತ ಹಾಕಿದ ಆ ಸಾವಿರದೆಪ್ಪತ್ತೆರಡು ಮಂದಿಯಿಂದ ಪಕ್ಷಕ್ಕೆ ಯಾವ ಅಪಾಯವೂ ಒದಗಲಿಲ್ಲ, ಆಕಾಶವೂ ಕಳಚಿ ಬೀಳಲಿಲ್ಲ ಎಂಬುದಷ್ಟೇ ನನಗೆ ಬೇಕಾದ ಅಂಶ.

ಹಣ ಹಂಚಿಬಿಡುತ್ತಾರೆ, ಜಾತಿ ಸೇರಿಸಿಬಿಡುತ್ತಾರೆ ಎಂಬುದು ಇನ್ನೊಂದು ಆಕ್ಷೇಪ. ಈಗೇನು ಹಂಚುತ್ತಿಲ್ಲವೆ, ಸೇರಿಸುತ್ತಿಲ್ಲವೆ? ಈ ಜಿಲ್ಲೆಯಲ್ಲಿಯೇ ಶಾಂತವೇರಿ ಗೋಪಾಲಗೌಡರು ಕಾಗೋಡಿನ ರೈತ ಚಳವಳಿಯ ಬೆನ್ನಿಗೆ, 1952ರಲ್ಲಿ, ಒಂದು ವೋಟಿನ ಜೊತೆಗೆ ಒಂದು ನೋಟನ್ನೂ ಮತದಾರನಿಂದಲೇ ಕೇಳಿ ಪಡೆದು ಶಾಸನಸಭೆಗೆ ಹೋದರು. ಆ ಮನುಷ್ಯನನ್ನು ಯಾವ ಹೈಕಮಾಂಡೂ ಊರಿನ ಮೇಲೆ ಹೇರಿರಲಿಲ್ಲ. ನೋಟು ನಡೆಯುವ ದಿಕ್ಕು ಆಮೇಲೆ ತಿರುಗಿತೆಂದರೆ ಅದರ ಹೊಣೆಯಲ್ಲಿ ಒಳಮನೆಯವರ ಪಾಲೂ ಉಂಟು.

ಆದ್ದರಿಂದ ಮಹನೀಯರೆ, ಮುಂದಿನ ವಿಧಾನಸಭೆಗೆ 2028ರಲ್ಲಿ, ಲೋಕಸಭೆಗೆ 2029ರಲ್ಲಿ ಎಂದು ಈಗಾಗಲೇ ನೀವು ಒಬ್ಬೊಬ್ಬರಿಗೆ ಕೊಟ್ಟಿರುವ ಮಾತನ್ನು ಹಿಂದಕ್ಕೆ ಪಡೆಯಿರಿ. ಪಕ್ಷ ಬಿಡಬೇಡಿ, ಬಿಡುವುದು ಸುಲಭ, ಅದನ್ನು ನೀವು ಎಷ್ಟೋ ಸಲ ಮಾಡಿದ್ದೀರಿ. ಒಳಗೇ ಕುಳಿತು, ಊರಿನ ಪ್ರಶ್ನೆಗೆ ಉತ್ತರ ಕೊಡುವವನಿಗೆ ನನ್ನ ಬೆಂಬಲ, ಉಳಿದವರಿಗಿಲ್ಲ ಎಂದು ಬಾಯಿಬಿಟ್ಟು ಹೇಳಿ. ಪಕ್ಷದ ಒಳಗಿನ ಆಯ್ಕೆಗೆ ಪಕ್ಷಾಂತರದ ಕಾನೂನು ಅಡ್ಡಬರುವುದಿಲ್ಲ. ಮನೆಯ ಹಿರಿಯರು ಮುನಿಸಿಕೊಳ್ಳುವರೆಂಬ ಅಳುಕೊಂದೇ ಅಡ್ಡ.

ಟಿಕೆಟ್ಟಿನ ಗದ್ದಲ ಶುರುವಾಗುವುದಕ್ಕೆ ಒಂದು ವರ್ಷ ಮುಂಚೆ ಭದ್ರಾವತಿಯಲ್ಲಿ ಒಂದು ದಿನ, ಶಿವಮೊಗ್ಗೆಯಲ್ಲಿ ಒಂದು ದಿನ, ಪ್ರತಿಯೊಂದು ಪಕ್ಷವೂ ತನ್ನ ಸದಸ್ಯರ ಸಭೆ ಕರೆಯಲಿ. ಆಕಾಂಕ್ಷಿಗಳು ಬರಲಿ, ಪೋಸ್ಟರು ಪಟಾಕಿಗಳಿಲ್ಲದೆ. ಕಾರ್ಖಾನೆಯ ಪ್ರಶ್ನೆಯಿಂದ ತೊಡಗಿ ಕೇಳಬೇಕಾದ್ದನ್ನು ಎದುರಿಗೇ ಕೇಳಿ. ಆಮೇಲೆ ಚೀಟಿ ಹಾಕಿಸಿ, ಅಲ್ಲಿಯೇ ಎಣಿಸಿ, ಯಾರಿಗೆ ಎಷ್ಟು ಬಂತೆಂಬುದನ್ನು ಬೆಂಗಳೂರಿಗೆ ಕಳಿಸುವ ದಿನವೇ ಪತ್ರಿಕೆಗಳಿಗೂ ಕೊಡಿ.