ಕ್ಯಾರೆಟ್ ತಿಂದ್ರೆ ಕನ್ನಡಕ ಹೋಗುತ್ತಾ?

ಕನ್ನಡಕ ಹಾಕಿಕೊಂಡ ಮಗು ಕಂಡ ಕೂಡಲೇ "ಕ್ಯಾರೆಟ್ ತಿನ್ನಿಸ್ರೀ, ಸರಿ ಹೋಗುತ್ತೆ" ಅನ್ನೋರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಈಗ ಕಣ್ಣಿನ ವಿಟಮಿನ್ ಮಾತ್ರೆ ಮಾರೋರೂ ಅವರ ಜೊತೆ ಸೇರಿಕೊಂಡಿದ್ದಾರೆ. ದಿನವಿಡೀ ಕಂಪ್ಯೂಟರ್ ಮುಂದೆ ಕೂರೋ ನಮ್ಮಂಥವರೇ ಗಿರಾಕಿಗಳು!

ದೂರದ್ದು ಮಂಜಾಗಿ ಕಾಣೋದಕ್ಕೆ ಸಾಮಾನ್ಯವಾಗಿ ಕಾರಣ ಕಣ್ಣುಗುಡ್ಡೆ ಸ್ವಲ್ಪ ಉದ್ದ ಬೆಳೆದಿರೋದು. ಯಾವ ವಿಟಮಿನ್ನೂ ಅದನ್ನ ಗಿಡ್ಡ ಮಾಡೋಲ್ಲ. ಇನ್ನು ಸ್ಕ್ರೀನ್ ನೋಡಿ ನೋಡಿ ಕಣ್ಣು ಉರಿಯೋದು, ರೆಪ್ಪೆ ಮಿಟುಕಿಸೋದು ಕಡಿಮೆಯಾಗಿ ಕಣ್ಣು ಒಣಗೋದರಿಂದ. ಅದಕ್ಕೆ ಬೇಕಿರೋದು ಬಿಡುವು, ಮಾತ್ರೆ ಅಲ್ಲ.

ಹಾಗಂತ ವಿಟಮಿನ್ ಎ ದಂಡ ಅಂತಲ್ಲ. ಮಂದ ಬೆಳಕಲ್ಲಿ ಕಣ್ಣು ಕಾಣೋಕೆ ಬೇಕಾದ ರೊಡಾಪ್ಸಿನ್ ತಯಾರಾಗೋದೇ ಅದರಿಂದ. ಅದು ಕಡಿಮೆಯಾದ್ರೆ ಮೊದಲು ಇರುಳುಗುರುಡು, ಆಮೇಲೆ ಕಣ್ಣಿನ ಬಿಳಿಭಾಗದಲ್ಲಿ ನೊರೆಯಂಥ ಮಚ್ಚೆ, ಇನ್ನೂ ಬಿಟ್ಟರೆ ಕಾರ್ನಿಯಾ ಕೆಟ್ಟು ದೃಷ್ಟಿಯೇ ಹೋಗಬಹುದು. ಹೀಗಾಗೋದು ಹೆಚ್ಚಾಗಿ ಸರಿಯಾಗಿ ಊಟ ಸಿಗದ ಪುಟ್ಟ ಮಕ್ಕಳಿಗೆ. ಅದಕ್ಕೇ ನಮ್ಮ ಸರ್ಕಾರ 1970ರಲ್ಲೇ ಮಕ್ಕಳಿಗೆ ವಿಟಮಿನ್ ಎ ಕುಡಿಸೋ ಕಾರ್ಯಕ್ರಮ ಶುರು ಮಾಡಿತು. 9 ತಿಂಗಳಿಗೆ ಮೊದಲ ಡೋಸ್, ಒಂದೂವರೆ ವರ್ಷದ ಹೊತ್ತಿಗೆ ಎರಡನೆಯದು, ಆಮೇಲೆ 5 ವರ್ಷದ ತನಕ 6 ತಿಂಗಳಿಗೊಂದು. ಅದೂ ಪುಕ್ಕಟೆ!

ಮಾತ್ರೆಗಳಿಂದ ಯಾರಿಗೂ ಉಪಯೋಗ ಇಲ್ಲವೇ? ಇದೆ. ವಯಸ್ಸಾದ ಮೇಲೆ ರೆಟಿನಾದ ನಡುಭಾಗ ಸವೆಯೋ ಕಾಯಿಲೆ ಈಗಾಗಲೇ ಒಂದು ಹಂತಕ್ಕೆ ಬಂದವರಲ್ಲಿ, ಕೆಲವು ವಿಟಮಿನ್ ಮತ್ತು ಸತುವಿನ ಮಾತ್ರೆ ಅದರ ವೇಗ ತಗ್ಗಿಸುತ್ತೆ ಅಂತ ಅಮೆರಿಕದ ಆರೆಡ್ಸ್ ಅಧ್ಯಯನ 2001ರಲ್ಲಿ ತೋರಿಸಿತು. ಕಣ್ಣಿನ ಪೊರೆಗೆ ಮಾತ್ರ ಏನೂ ಪ್ರಯೋಜನ ಕಾಣಲಿಲ್ಲ. ಸಿಗರೇಟು ಸೇದೋರಿಗೆ ಬೀಟಾ ಕ್ಯಾರೊಟಿನ್ ಮಾತ್ರೆಯಿಂದ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚುತ್ತೆ ಅನ್ನೋದೂ ಗೊತ್ತಾಗಿದೆ. ವಿಟಮಿನ್ ಎ ಅಂತೂ ಹೆಚ್ಚಾದ್ರೆ ಮೂತ್ರದಲ್ಲಿ ಹೋಗಿಬಿಡೋಲ್ಲ, ಲಿವರಿನಲ್ಲಿ ಕೂತುಬಿಡುತ್ತೆ. ಗರ್ಭಿಣಿಯರು ತಾವಾಗೇ ನುಂಗಿದ್ರೆ ಹೊಟ್ಟೆಯಲ್ಲಿರೋ ಮಗುವಿಗೇ ತೊಂದರೆ.

ನಮಗೆ ಬೇಕಾದಷ್ಟು ಅಡುಗೆಮನೆಯಲ್ಲೇ ಇದೆ. ನುಗ್ಗೆಸೊಪ್ಪು, ದಂಟಿನಸೊಪ್ಪು, ಸಿಹಿಗುಂಬಳ, ಪಪ್ಪಾಯಿ, ಮಾವಿನಹಣ್ಣು, ಮೊಟ್ಟೆ. ಬಸ್ಸಾರು ಮಾಡಿದಾಗ ಸತ್ವವೆಲ್ಲ ಬಸಿದ ನೀರಿಗೆ ಹೋಯ್ತು ಅಂತ ಪಲ್ಯ ಬಿಡಬೇಡಿ. ಬೀಟಾ ಕ್ಯಾರೊಟಿನ್ ನೀರಲ್ಲಿ ಕರಗೋಲ್ಲ, ಸೊಪ್ಪಿನಲ್ಲೇ ಉಳಿಯುತ್ತೆ. ಒಗ್ಗರಣೆಯ ಎಣ್ಣೆ ಇದ್ರೆ ಮೈಗೂ ಚೆನ್ನಾಗಿ ಹತ್ತುತ್ತೆ.

ಹಾಗಾಗಿ ಮಾತ್ರೆ ಡಬ್ಬಿ ಕೊಳ್ಳೋ ಮೊದಲು ಒಮ್ಮೆ ಕಣ್ಣಿನ ಡಾಕ್ಟರನ್ನ ಕೇಳಿ. ಹಾಗೇ ನಿಮ್ಮ ಮನೆಗೆಲಸಕ್ಕೆ ಬರೋರನ್ನ, ಪಕ್ಕದ ಕಟ್ಟಡದಲ್ಲಿ ಗಾರೆ ಕೆಲಸ ಮಾಡೋರನ್ನ ಕೇಳಿ ನೋಡಿ, ಅವರ ಮಗುವಿಗೆ ವಿಟಮಿನ್ ಎ ಕುಡಿಸಿದ್ದಾರಾ ಅಂತ. ಊರಿಂದ ಊರಿಗೆ ಗುಳೆ ಹೋಗೋರ ಮಕ್ಕಳಿಗೆ ಡೋಸ್ ತಪ್ಪೋದು ಸುಲಭ. ಹತ್ತಿರದ ಅಂಗನವಾಡಿ ಎಲ್ಲಿದೆ ಅಂತ ಹೇಳೋಕೆ ನಮಗೇನೂ ಖರ್ಚಿಲ್ಲ.

ನೀವೇನಂತೀರಿ?