ಮೈಕ್ ಕೊಳ್ಳುವ ಮುನ್ನ ಒಂದು ಗೇಣು ಹತ್ತಿರ ಬನ್ನಿ

ಪಾಡ್‌ಕಾಸ್ಟ್ ಶುರು ಮಾಡಬೇಕು ಅಂದುಕೊಂಡವರೆಲ್ಲ ಮೊದಲು ಕೇಳುವ ಪ್ರಶ್ನೆ ಒಂದೇ: ‘ಯಾವ ಮೈಕ್ ತಗೊಳ್ಳಲಿ?’ ಏನು ಮಾತಾಡಲಿ, ಯಾರನ್ನು ಮಾತಾಡಿಸಲಿ ಎಂಬುದೆಲ್ಲ ಆಮೇಲಿನ ಸಂಗತಿ. ನಾನೂ ಹಾಗೇ ಶುರು ಮಾಡಿದವಳು. ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ, ಹೈಸ್ಕೂಲ್ ಮಕ್ಕಳಿಗೆ ಟ್ಯೂಷನ್ ಹೇಳಿ ಕೂಡಿಟ್ಟಿದ್ದ ಎಂಟು ಸಾವಿರ ರೂಪಾಯಿ ಕೊಟ್ಟು ಒಂದು ಯುಎಸ್‌ಬಿ ಕಂಡೆನ್ಸರ್ ಮೈಕ್ ತರಿಸಿದೆ. ಅದರ ಡಬ್ಬಿ ಬಿಚ್ಚುವ ವಿಡಿಯೊ ಕೂಡ ಮಾಡಿ ಸ್ಟೇಟಸ್‌ಗೆ ಹಾಕಿದ್ದೆ.

ನನ್ನ ಆಸೆ ದೊಡ್ಡದೇನಲ್ಲ. ಧಾರವಾಡದ ಹತ್ತಿರದ ನಮ್ಮೂರಿನಲ್ಲಿ ದೊಡ್ಡಾಟ ಕಟ್ಟಿ ಕುಣಿಸಿದ ಹಿರಿಯರೊಬ್ಬರಿದ್ದರು. ಅವರ ಹಾಡು, ಅವರು ಆಟಕ್ಕೆ ಹೋಗಿಬಂದ ಊರುಗಳ ಕತೆ ರೆಕಾರ್ಡ್ ಮಾಡಿ ಮೊದಲ ಸಂಚಿಕೆ ತರಬೇಕು ಅಂತ. ಲ್ಯಾಪ್‌ಟಾಪ್, ಮೈಕ್ ಹೊತ್ತುಕೊಂಡು ಹೋದೆ. ಅಜ್ಜಾರು ಮೈಕ್ ನೋಡಿ, ‘ಇದೇನವಾ ತಂಗಿ, ನೀರಿನ ಚರಿಗಿ ಇದ್ದಂಗ ಐತಿ’ ಅಂತ ನಕ್ಕರು. ತಗಡಿನ ಪಡಸಾಲೆ, ಮೇಲೆ ಗರಗರ ತಿರುಗುವ ಫ್ಯಾನು, ಪಕ್ಕದಲ್ಲೇ ಹಿಟ್ಟಿನ ಗಿರಣಿ. ನಾನು ಮೈಕನ್ನು ಟೀಪಾಯಿಯ ಮೇಲೆ ಇಬ್ಬರ ನಡುವೆ ಇಟ್ಟೆ. ಅವರು ಗೋಡೆಗೆ ಒರಗಿ ಕುಳಿತು ಒಂದೂವರೆ ಗಂಟೆ ಹಾಡಿದರು, ಮಾತಾಡಿದರು.

ಮನೆಗೆ ಬಂದು ಇಯರ್‌ಫೋನ್ ಹಾಕಿಕೊಂಡು ಕೇಳಿದೆ. ಫ್ಯಾನು ಚೆನ್ನಾಗಿ ಕೇಳುತ್ತಿತ್ತು. ಗಿರಣಿ ಇನ್ನೂ ಚೆನ್ನಾಗಿ ಕೇಳುತ್ತಿತ್ತು. ಅಜ್ಜಾರ ದನಿ ಮಾತ್ರ ಬಾವಿಯೊಳಗಿಂದ ಬಂದಂತಿತ್ತು. ಸಾಫ್ಟ್‌ವೇರ್‌ನಲ್ಲಿ ಗದ್ದಲ ತೆಗೆಯಲು ಹೋದರೆ ಅವರ ದನಿಯೂ ಅದರ ಜೊತೆ ಸವೆದು, ನೀರಲ್ಲಿ ಮಾತಾಡಿದಂತಾಯಿತು. ಇರಲಿ, ಯುಗಾದಿ ಆದ ಮೇಲೆ ಇನ್ನೊಮ್ಮೆ ಹೋಗೋಣ ಅಂದುಕೊಂಡೆ. ಯುಗಾದಿಗೆ ಎಂಟು ದಿನ ಇರುವಾಗ ಅವರು ತೀರಿಕೊಂಡರು.

ದಿನಕರ್ಮದ ಹೊತ್ತಿಗೆ ಅವರ ಮೊಮ್ಮಗ ತನ್ನ ಫೋನಿನಲ್ಲಿದ್ದ ತುಣುಕೊಂದನ್ನು ಎಲ್ಲರಿಗೂ ಕೇಳಿಸಿದ. ಹೊರಸಿನ ಮೇಲೆ ಮಲಗಿದ್ದ ಅಜ್ಜನ ಬಾಯಿಯ ಹತ್ತಿರ ಫೋನ್ ಹಿಡಿದು ಸುಮ್ಮನೆ ರೆಕಾರ್ಡ್ ಮಾಡಿದ್ದು. ನಲವತ್ತು ಸೆಕೆಂಡ್ ಇರಬಹುದು. ಉಸಿರು ಎಳೆದುಕೊಳ್ಳುವುದೂ ಕೇಳುತ್ತಿತ್ತು. ಎಂಟು ಸಾವಿರದ ಮೈಕ್ ಹಿಡಿಯದ ದನಿಯನ್ನು ಪರದೆ ಒಡೆದ ಫೋನ್ ಹಿಡಿದಿತ್ತು.

ಅವತ್ತಿನಿಂದ ಮೈಕ್ ವಿಚಾರದಲ್ಲಿ ನನಗೊಂದು ಗಟ್ಟಿ ಅಭಿಪ್ರಾಯವಿದೆ. ಮೊದಲು ದೂರ, ಆಮೇಲೆ ಕೋಣೆ, ಕೊನೆಗೆ ಮೈಕ್. ನಾವು ಇದನ್ನು ತಲೆಕೆಳಗು ಮಾಡಿಕೊಂಡಿದ್ದೇವೆ.

ದೂರದ ಲೆಕ್ಕ ಪಿಯುಸಿ ಫಿಸಿಕ್ಸ್‌ನಲ್ಲಿ ಓದಿದ್ದೇ. ಮೈಕ್ ಮತ್ತು ಬಾಯಿಯ ನಡುವಿನ ದೂರ ಅರ್ಧಕ್ಕಿಳಿದರೆ ನೇರವಾಗಿ ಬರುವ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ. ಎರಡು ಅಡಿಯಿಂದ ಅರ್ಧ ಅಡಿಗೆ ಬಂದರೆ 12 ಡೆಸಿಬೆಲ್. ಆದರೆ ದೂರದ ಫ್ಯಾನು, ಗಿರಣಿಯ ಸದ್ದು ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಅಂದರೆ ಒಂದು ರೂಪಾಯಿ ಖರ್ಚಿಲ್ಲದೆ ದನಿ ಮುಂದೆ ಬಂತು, ಗದ್ದಲ ಹಿಂದೆ ಸರಿಯಿತು. ನಾನು ಅವತ್ತು ಟೀಪಾಯಿಯನ್ನು ಎರಡು ಅಡಿ ಮುಂದೆ ತಳ್ಳಿದ್ದರೆ ಸಾಕಿತ್ತು.

‘ಕಂಡೆನ್ಸರ್ ಬೇಡ, ಡೈನಾಮಿಕ್ ತಗೋ, ಅದು ಗದ್ದಲ ಹಿಡಿಯಲ್ಲ’ ಎಂದು ಹಲವರು ಹೇಳುತ್ತಾರೆ. ಇದು ಅರ್ಧ ಸತ್ಯ. ಯಾವುದು ಮಾತು, ಯಾವುದು ಗದ್ದಲ ಎಂದು ಯಾವ ಮೈಕಿಗೂ ತಿಳಿಯುವುದಿಲ್ಲ. ಸಾಮಾನ್ಯವಾಗಿ ಡೈನಾಮಿಕ್ ಮೈಕಿನ ಸೂಕ್ಷ್ಮತೆ ಕಡಿಮೆ, ಹಾಗಾಗಿ ಅದು ನಮ್ಮನ್ನು ಹತ್ತಿರ ಬಂದು ಮಾತಾಡುವಂತೆ ಮಾಡುತ್ತದೆ. ಹತ್ತಿರ ಬಂದದ್ದಕ್ಕೇ ಗದ್ದಲ ಕಡಿಮೆ ಅನಿಸುತ್ತದೆ. ಇದಕ್ಕೆ ಸಾಕ್ಷಿ ಬೇಕೆಂದರೆ ಕಾಲರ್ ಮೈಕ್ ನೋಡಿ. 1962ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಜೇಮ್ಸ್ ವೆಸ್ಟ್ ಮತ್ತು ಗೆರ್ಹಾರ್ಡ್ ಸೆಸ್ಲರ್ ರೂಪಿಸಿದ ಎಲೆಕ್ಟ್ರೆಟ್ ಮೈಕಿನ ಸಂತಾನ ಅದು, ಕಂಡೆನ್ಸರ್ ಜಾತಿಗೇ ಸೇರಿದ್ದು. ಆದರೂ ಸಂತೆಯಲ್ಲಿ ನಿಂತವರ ಮಾತನ್ನು ಹಿಡಿಯುತ್ತದೆ. ಕಾರಣ, ಬಾಯಿಯಿಂದ ಒಂದು ಗೇಣು ಕೆಳಗಿದೆ, ಅಷ್ಟೇ.

ಇನ್ನು ಕೋಣೆ. ನಮ್ಮ ಮನೆಗಳಲ್ಲಿ ಬರಿಗೋಡೆ, ಗ್ರಾನೈಟ್ ನೆಲ, ತಗಡು ಅಥವಾ ಆರ್‌ಸಿಸಿ ಚಾವಣಿ. ದನಿ ಎಲ್ಲ ಕಡೆ ಬಡಿದು ವಾಪಸ್ ಬರುತ್ತದೆ. ಅದಕ್ಕೆ ಜನ ಕಪ್ಪು ಸ್ಪಂಜಿನ ಹಾಳೆ ತಂದು ಗೋಡೆಗೆ ಅಂಟಿಸುತ್ತಾರೆ. ನಾನೀಗ ಅವ್ವ ಹೊಲಿದ ಎರಡು ಕೌದಿಗಳನ್ನು ನನ್ನ ಹಿಂದೆ ಹಗ್ಗಕ್ಕೆ ಹಾಕುತ್ತೇನೆ, ಟೇಬಲ್ ಮೇಲೆ ದಪ್ಪ ಟವೆಲ್ ಹಾಸುತ್ತೇನೆ. ಫ್ಯಾನ್ ಆರಿಸುತ್ತೇನೆ. ಬೆವರು ಬರುತ್ತದೆ, ಆದರೆ ದನಿ ತಿಳಿಯಾಗುತ್ತದೆ.

ಇಷ್ಟಾದ ಮೇಲೆ ಮೈಕ್ ಆರಿಸುವುದು ಸುಲಭ. ಊರೂರು ತಿರುಗಿ ಬೇರೆಯವರನ್ನು ಮಾತಾಡಿಸುವವರಿಗೆ ಫೋನ್ ಮತ್ತು ವೈರ್ ಇರುವ ಕಾಲರ್ ಮೈಕ್ ಸಾಕು. ಕೊಳ್ಳುವಾಗ ಪಿನ್ ನೋಡಿಕೊಳ್ಳಿ. ಹಳೆಯ ಗುಂಡು ಜಾಕ್ ಇರುವ ಫೋನಿಗಾದರೆ ಪಿನ್ನಿನ ಮೇಲೆ ಮೂರು ಗೆರೆ ಇರಬೇಕು, ಎರಡೇ ಇದ್ದರೆ ಅದು ಕ್ಯಾಮೆರಾದ್ದು. ಒಬ್ಬರೇ ಕೋಣೆಯಲ್ಲಿ ಕುಳಿತು ಮಾತಾಡುವವರಿಗೆ, ಕೀಬೋರ್ಡ್ ಬಡಿಯುತ್ತ ಗೇಮ್ ಸ್ಟ್ರೀಮ್ ಮಾಡುವವರಿಗೆ ಒಂದು ಯುಎಸ್‌ಬಿ ಡೈನಾಮಿಕ್ ಮೈಕ್ ಮತ್ತು ಅದನ್ನು ಬಾಯಿಯ ಹತ್ತಿರ ತರುವ ಸ್ಟ್ಯಾಂಡ್ ಒಳ್ಳೆಯದು. ಇಬ್ಬರು, ಮೂವರು ಕೂತು ಹರಟುವ ಪಾಡ್‌ಕಾಸ್ಟ್ ಆದರೆ ಮಾತ್ರ ಎಕ್ಸ್‌ಎಲ್‌ಆರ್ ಮೈಕ್, ಆಡಿಯೊ ಇಂಟರ್‌ಫೇಸ್‌ಗಳ ದಾರಿ ಹಿಡಿಯಿರಿ. ಪ್ರತಿಯೊಬ್ಬರಿಗೂ ಒಂದೊಂದು ಮೈಕ್ ಇರಲಿ.

ದೊಡ್ಡ ಪಾಡ್‌ಕಾಸ್ಟರ್‌ಗಳ ಮುಂದೆ ಕಾಣುವ ಕಪ್ಪು ಕೊಳವೆಯಂಥ ಶ್ಯೂರ್ ಎಸ್‌ಎಂ7ಬಿ ಎಲ್ಲರ ಕನಸು. ಅದರ ಹಿಂದಿನ ಅವತಾರವಾದ ಎಸ್‌ಎಂ7ರಲ್ಲಿ ಮೈಕಲ್ ಜಾಕ್ಸನ್ 1982ರ ‘ಥ್ರಿಲ್ಲರ್’ ಆಲ್ಬಮ್‌ಗೆ ಹಾಡಿದ್ದರು. ಒಳ್ಳೆಯ ಮೈಕೇ, ಅನುಮಾನವಿಲ್ಲ. ಆದರೆ ಅದರಿಂದ ಹೊರಡುವ ಸಂಕೇತ ಬಹಳ ಕ್ಷೀಣ, ಅದನ್ನು ಸುಮಾರು 60 ಡೆಸಿಬೆಲ್‌ನಷ್ಟು ಎತ್ತಬೇಕು. ಅಗ್ಗದ ಇಂಟರ್‌ಫೇಸ್‌ಗೆ ಜೋಡಿಸಿದರೆ ದನಿಗಿಂತ ‘ಸುಯ್’ ಎನ್ನುವ ಸದ್ದೇ ಮೇಲಾಗಬಹುದು. ಅಂದರೆ ಮೈಕಿಗೆ ಹತ್ತಾರು ಸಾವಿರ ಕೊಟ್ಟ ಮೇಲೂ ಖರ್ಚು ಮುಗಿಯುವುದಿಲ್ಲ. ಮದುವೆಗೆ ಶೇರ್ವಾನಿ ಬಾಡಿಗೆಗೆ ತಂದ ಹಾಗೆ, ಫ್ರೇಮಿನಲ್ಲಿ ಕಾಣಲೆಂದೇ ಅಂಥ ಮೈಕ್ ಮುಂದಿಟ್ಟುಕೊಂಡು, ದನಿಯನ್ನು ಬೇರೆಲ್ಲಿಂದಲೋ ರೆಕಾರ್ಡ್ ಮಾಡುವವರನ್ನೂ ನೋಡಿದ್ದೇನೆ.

ಹಾಗಂತ ಮೈಕಿಗೆ ಬೆಲೆಯೇ ಇಲ್ಲ ಎನ್ನುತ್ತಿಲ್ಲ. ಚಿತ್ರ ಮಸುಕಾದರೆ ಜನ ಸಹಿಸಿಕೊಳ್ಳುತ್ತಾರೆ, ಮಾತು ಕೇಳದಿದ್ದರೆ ಮುಂದಕ್ಕೆ ಹೋಗಿಬಿಡುತ್ತಾರೆ. ಆಡಿಯೊ ಬುಕ್ ಓದುವವರಿಗೆ, ಹಾಡುವವರಿಗೆ, ಇದರಲ್ಲೇ ಅನ್ನ ಕಂಡುಕೊಂಡವರಿಗೆ ಒಳ್ಳೆಯ ಮೈಕ್ ಬೇಕೇ ಬೇಕು. ನಾನು ಹೇಳುವುದು ಇಷ್ಟೆ: ಮೊದಲ ಹತ್ತು ಸಂಚಿಕೆ ಇರುವ ಫೋನಿನಲ್ಲೇ ಮಾಡಿ. ಹನ್ನೊಂದನೆಯದನ್ನು ಮಾಡುವಾಗ ನಿಮಗೆ ಏನು ಕೊರತೆ ಎಂದು ನಿಮಗೇ ಗೊತ್ತಾಗಿರುತ್ತದೆ. ಆಗ ಕೊಳ್ಳಿ.

ಹಾಗೆ ಮಾಡುವಾಗ ಮೂರು ವಿಷಯ ನೆನಪಿಡಿ. ಮೈಕನ್ನು ಬಾಯಿಯ ನೇರಕ್ಕಲ್ಲ, ಸ್ವಲ್ಪ ಓರೆಗೆ ಹಿಡಿಯಿರಿ. ಕನ್ನಡದ ಪ, ಫ, ಭ ಅಕ್ಷರಗಳ ಗಾಳಿ ಮೈಕಿಗೆ ಬಡಿದು ‘ಢಬ್’ ಅನ್ನುವುದು ತಪ್ಪುತ್ತದೆ. ಜೋರಾಗಿ ಮಾತಾಡಿದಾಗಲೂ ಮಟ್ಟ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿರಲಿ. ಕಡಿಮೆಯಾದ ದನಿಯನ್ನು ಆಮೇಲೆ ಎತ್ತಬಹುದು, ಸೀಳಿಹೋದ ದನಿಯನ್ನು ಸರಿಮಾಡಲಾಗದು. ಮೂರನೆಯದು, ಎಲ್ಲಕ್ಕಿಂತ ಮುಖ್ಯ: ಒಂದು ನಿಮಿಷ ರೆಕಾರ್ಡ್ ಮಾಡಿ, ಅಲ್ಲೇ ಕೂತು ಇಯರ್‌ಫೋನ್ ಹಾಕಿಕೊಂಡು ಕೇಳಿ, ಆಮೇಲೆ ಮುಂದುವರಿಯಿರಿ. ನಾನು ಮಾಡದೇ ಹೋದದ್ದು ಇದನ್ನೇ.

ನಮ್ಮ ಕಾಲೇಜುಗಳಿಗೂ ಒಂದು ಮಾತು. ಕ್ರಿಕೆಟ್ ಕಿಟ್ ಇದೆ, ಕೇರಂ ಬೋರ್ಡ್ ಇದೆ. ಹಾಗೇ ಎರಡು ಕಾಲರ್ ಮೈಕ್, ಒಂದು ಡೈನಾಮಿಕ್ ಮೈಕ್, ಒಂದು ಹೆಡ್‌ಫೋನ್ ಇರುವ ಒಂದು ಚೀಲ ಲೈಬ್ರರಿಯಲ್ಲಿ ಯಾಕಿರಬಾರದು? ಪುಸ್ತಕದಂತೆ ಸಹಿ ಮಾಡಿ ಒಯ್ದು, ಸೋಮವಾರ ತಂದುಕೊಟ್ಟರಾಯಿತು. ಪ್ರತಿಯೊಬ್ಬರೂ ಸಾವಿರಾರು ರೂಪಾಯಿ ಸುರಿದು, ಎರಡು ಸಂಚಿಕೆ ಮಾಡಿ, ಮೈಕನ್ನು ಅಟ್ಟದ ಮೇಲಿಡುವುದು ತಪ್ಪುತ್ತದೆ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ಶುರು ಮಾಡಿದ್ದರು. ಆ ನಾಡಿನ ಕಾಲೇಜುಗಳಿಗೆ ಒಂದು ಚೀಲ ಮೈಕ್ ಇಡುವುದು ದೊಡ್ಡ ಮಾತೇನಲ್ಲ.

ಅಜ್ಜಾರ ಆ ಒಂದೂವರೆ ಗಂಟೆಯ ಫೈಲನ್ನು ನಾನು ಅಳಿಸಿಲ್ಲ. ಆಗಾಗ ಕೇಳುತ್ತೇನೆ. ಗಿರಣಿ ನಿಂತ ಎರಡು ಮೂರು ನಿಮಿಷ ಮಾತ್ರ ಅವರ ದನಿ ಸ್ಪಷ್ಟವಾಗಿದೆ. ಕರೆಂಟ್ ಹೋಗಿತ್ತು ಅನಿಸುತ್ತದೆ. ಈಗ ಅವರ ಮೇಳದಲ್ಲಿ ಹಾಡುತ್ತಿದ್ದ ಇನ್ನಿಬ್ಬರು ಊರಲ್ಲಿದ್ದಾರೆ, ಇಬ್ಬರಿಗೂ ಎಪ್ಪತ್ತು ದಾಟಿದೆ. ಈ ಭಾನುವಾರ ಹೋಗುತ್ತಿದ್ದೇನೆ. ಚೀಲದಲ್ಲಿ ಫೋನ್, ಒಂದು ಕಾಲರ್ ಮೈಕ್, ಇಯರ್‌ಫೋನ್ ಇದೆ. ಗಿರಣಿಯವರಿಗೆ ಒಂದು ತಾಸು ಬಂದ್ ಇಡಲು ಹೇಳಿದ್ದೇನೆ. ‘ಆತು ಬಿಡವಾ’ ಅಂದಿದ್ದಾರೆ.