ಶಾಲೆಗೆ ಮಗು ಸಿದ್ಧವೇ?

ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕೆಂಬ ನಿಯಮವನ್ನು ಕರ್ನಾಟಕ ಸರ್ಕಾರ 2025–26ನೇ ಸಾಲಿಗೆ ಮಾತ್ರ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿತು. ಚರ್ಚೆಯೆಲ್ಲ ಜನ್ಮದಿನಾಂಕದ ಸುತ್ತಲೇ ನಡೆಯಿತು. ಆದರೆ ಅಂಗಿಗೆ ಗುಂಡಿ ಹಾಕಿಕೊಳ್ಳುವುದು, ಸರದಿಗೆ ಕಾಯುವುದು, ಕೇಳಿದ ಕತೆಯನ್ನು ತನ್ನದೇ ಮಾತಿನಲ್ಲಿ ಹೇಳುವುದು, ಶೌಚಕ್ಕೆ ಹೋಗಬೇಕೆಂದು ಅಂಜದೆ ತಿಳಿಸುವುದು, ಇವೂ ಅಕ್ಷರದಷ್ಟೇ ಮುಖ್ಯವಾದ ಸಿದ್ಧತೆಗಳು.

ಹಾಗಾದರೆ ವಯಸ್ಸು ಬಿಟ್ಟು ಪರೀಕ್ಷೆಯನ್ನೇ ಇಡಬಹುದಲ್ಲ ಎನ್ನುವವರಿದ್ದಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರವೇಶಕ್ಕಾಗಿ ಮಕ್ಕಳನ್ನು ಸೋಸುವುದನ್ನು ನಿಷೇಧಿಸಿದೆ, ಅದು ಸರಿಯೇ. ಅಪರಿಚಿತರ ಮುಂದೆ ಕುಳಿತ ಪುಟ್ಟ ಮಗುವಿನಲ್ಲಿ ಕಾಣುವುದು ಬಹುಪಾಲು ಅಂಜಿಕೆ. ಅಂಗನವಾಡಿ ಕಾರ್ಯಕರ್ತೆ ತಿಂಗಳುಗಟ್ಟಲೆ ಆಟದ ನಡುವೆ ಗಮನಿಸಿ ಬರೆದಿಟ್ಟ ಟಿಪ್ಪಣಿ ಹೆಚ್ಚು ನಂಬಲರ್ಹ. ಆ ಟಿಪ್ಪಣಿ ಒಂದನೇ ತರಗತಿಯ ಶಿಕ್ಷಕರ ಕೈ ಸೇರಲಿ; ಎನ್‌ಸಿಇಆರ್‌ಟಿಯ ಮೂರು ತಿಂಗಳ ‘ವಿದ್ಯಾಪ್ರವೇಶ’ ಶಾಲಾ ಸಿದ್ಧತಾ ಕಾರ್ಯಕ್ರಮವನ್ನು ಅವರು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಲಿ.